ಮೂರು ವಾಟಿಗೊಂದು ಜೋಡಿ

ಅವಲಪಲ್ಲಿ, ಹೊಸೂರು
೯ ಜೂನ್ ೨೦೨೪

ಮಾವನವರಿಗೆ ಮುನಿಲಕ್ಷ್ಮಿಯ ನಮಸ್ಕಾರ.

ನಾಲ್ಕು ವರ್ಷದಿಂದ ನೀವು ನನ್ನ ಫೋನ್ ಎತ್ತಿಲ್ಲ. ಹೋದ ವಾರವೂ ಮೂರು ಸಲ ಮಾಡಿ ಸುಮ್ಮನಾದೆ. ಕಾಗದವನ್ನು ಅರ್ಧಕ್ಕೇ ಕಟ್ ಮಾಡಲು ಆಗುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬೇರೆ ಯಾವ ವಿಷಯವನ್ನೂ ಎತ್ತುವುದಿಲ್ಲ, ಹೆದರಬೇಡಿ. ನನಗೆ ಬೇಕಾಗಿರುವುದು ಸ್ಪೀಕರ್ ವಿಚಾರ.

ಹಳೇ ರೇಡಿಯೋಗಳಲ್ಲಿರುತ್ತಿದ್ದಂಥ ಗಾಜಿನ ವಾಲ್ವ್ ಹಾಕಿ ನಾನೊಂದು ಆಂಪ್ಲಿಫೈಯರ್ ಕಟ್ಟಿದ್ದೇನೆ. ಎಡಕ್ಕೊಂದು ವಾಲ್ವ್, ಬಲಕ್ಕೊಂದು ವಾಲ್ವ್, ಒಂದೊಂದು ಕಡೆಗೆ ಮೂರು ವಾಟ್, ಅಷ್ಟೇ. ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ತಂತಿ ಸುತ್ತುವ ವೈಂಡಿಂಗ್ ಲೈನಿನಲ್ಲಿ ಎಂಟು ಗಂಟೆ ನಿಂತು ಬಂದು, ಭಾನುವಾರ ಭಾನುವಾರ ಕೂತು ಮಾಡಿದ್ದು. ಹದಿನಾಲ್ಕು ತಿಂಗಳು ಹಿಡಿಯಿತು. ಸ್ವಿಚ್ ಹಾಕಿದ ದಿನ ಒಂಚೂರೂ ಗೊರಗೊರ ಇಲ್ಲ. ಆದರೆ ಸೂಪರ್‌ವೈಸರ್ ಹತ್ತಿರ ಕೇಳಿ ತಂದ ಕಂಪನಿ ಸ್ಪೀಕರ್ ಹಾಕಿದರೆ, ಹಾಡುವವರು ಬಾಯಿಗೆ ಬಟ್ಟೆ ಅಡ್ಡ ಹಿಡಿದ ಹಾಗೆ ಕೇಳುತ್ತದೆ. ವಾಲ್ಯೂಮ್ ಪೂರ್ತಿ ತಿರುಗಿಸಿದರೆ ದನಿ ಒಡೆದುಹೋಗುತ್ತದೆ.

ಆಗಸ್ಟ್ ೨೫ಕ್ಕೆ ಬೆಂಗಳೂರಿನಲ್ಲಿ, ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವವರೆಲ್ಲ ಸೇರುವ ಒಂದು ಕೂಟವಿದೆ. ಅಲ್ಲಿ ತೋರಿಸಬೇಕು. ಸ್ಪೀಕರಿಗೆ ಎಂಟು ಸಾವಿರಕ್ಕಿಂತ ಹೆಚ್ಚು ನನ್ನ ಕೈಯಲ್ಲಾಗದು. ಏನು ಕೊಳ್ಳಲಿ?

ಅಮ್ಮನಿಗೆ ಈ ಕಾಗದದ ವಿಷಯ ಗೊತ್ತಿಲ್ಲ. ಉತ್ತರ ಬರೆಯುವುದಾದರೆ ಮೂಕಂಡಪಲ್ಲಿಯ ಮರಗೆಲಸದ ಮುರುಗೇಶ್ ಅವರ ಅಂಗಡಿ ವಿಳಾಸಕ್ಕೆ ಬರೆಯಿರಿ. ವಿಳಾಸ ಈ ಹಾಳೆಯ ಹಿಂಬದಿಯಲ್ಲಿದೆ.

ಮುನಿಲಕ್ಷ್ಮಿ


ಹಳೇಪೇಟೆ, ಕೃಷ್ಣಗಿರಿ
೧೭ ಜೂನ್ ೨೦೨೪

ಮುನಿಲಕ್ಷ್ಮಿಗೆ,

ಕಾಗದ ತಲುಪಿತು. ಕೇಳಿದ್ದಕ್ಕೆ ಮಾತ್ರ ಉತ್ತರ.

ಸೂಪರ್‌ವೈಸರ್ ಸ್ಪೀಕರಿನ ಹಿಂದೆ ಡಿಬಿ ಎಂದು ಒಂದು ಸಂಖ್ಯೆ ಬರೆದಿರುತ್ತದೆ, ನೋಡು. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರಕ್ಕೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವ ಲೆಕ್ಕ ಅದು. ಎಂಬತ್ತಾರೋ ಎಂಬತ್ತೇಳೋ ಇದ್ದೀತು. ಅಂಥದ್ದಕ್ಕೆ ಐವತ್ತು ವಾಟ್ ಬೇಕು. ನಿನ್ನದು ಮೂರು ವಾಟಿನ ಕರು. ಕರುವಿಗೆ ಕಲ್ಲಿನ ಗಾಡಿ ಕಟ್ಟಿ, ಕರು ಎಳೆಯಲಿಲ್ಲ ಅಂದರೆ ತಪ್ಪು ಕರುವಿನದಲ್ಲ.

ಈ ಸಂಖ್ಯೆ ಮೂರು ಏರಿದರೆ ಆಂಪ್ಲಿಫೈಯರಿನ ಶಕ್ತಿ ಎರಡರಷ್ಟಾದ ಹಾಗೆ. ತೊಂಬತ್ತೈದರದ್ದು ಸಿಕ್ಕರೆ ನಿನ್ನ ಮೂರು ವಾಟ್ ಇಪ್ಪತ್ತನಾಲ್ಕು ವಾಟಿನ ಕೆಲಸ ಮಾಡುತ್ತದೆ. ತೊಂಬತ್ತೆರಡಕ್ಕಿಂತ ಕೆಳಗಿನದನ್ನು ಮುಟ್ಟಬೇಡ. ಎಂಟು ಓಮ್ ಇರಲಿ, ನಾಲ್ಕು ಬೇಡ. ಈಗಿನ ಚೆಂದದ ಕಪ್ಪು ಪೆಟ್ಟಿಗೆಗಳ ಹತ್ತಿರ ಹೋಗಲೇಬೇಡ.

ಇನ್ನೊಂದು. ವಾಲ್ವಿಗೂ ಸ್ಪೀಕರಿಗೂ ನಡುವಿನ ಟ್ರಾನ್ಸ್‌ಫಾರ್ಮರ್ ಎಲ್ಲಿಂದ ತಂದೆ? ಬಜಾರಿನದಾದರೆ ಎಂಥ ಸ್ಪೀಕರ್ ತಂದರೂ ದಂಡ.

ತಾಯಿಯಿಂದ ಮುಚ್ಚಿಟ್ಟು ಬರೆಯುವ ಕಾಗದಕ್ಕೆ ಇದೇ ಮೊದಲ ಉತ್ತರ, ಇದೇ ಕೊನೆಯದು.

ಸೊಣ್ಣಪ್ಪ


ಅವಲಪಲ್ಲಿ
೨೩ ಜೂನ್ ೨೦೨೪

ಮಾವನವರಿಗೆ,

ಎಂಬತ್ತಾರೇ ಇತ್ತು. ಅದನ್ನು ಅವತ್ತೇ ವಾಪಸ್ ಕೊಟ್ಟೆ.

ಟ್ರಾನ್ಸ್‌ಫಾರ್ಮರನ್ನು ತರಲಿಲ್ಲ, ಸುತ್ತಿದೆ. ಎರಡನ್ನೂ ನಾನೇ ಕೈಯಿಂದ ಸುತ್ತಿದ್ದು. ಒಳಬರುವ ಕಡೆ ಮೂರು ಸಾವಿರ ಸುತ್ತು, ಸ್ಪೀಕರ್ ಕಡೆ ನೂರಿಪ್ಪತ್ತು. ಅದನ್ನು ನಾಲ್ಕು ಭಾಗ, ಇದನ್ನು ಮೂರು ಭಾಗ ಮಾಡಿ, ಒಂದರ ಮೇಲೊಂದು ಏಳು ಪದರ. ಕಬ್ಬಿಣದ ತಗಡುಗಳ ಮಧ್ಯೆ ತೆಳು ಕಾಗದ ಇಟ್ಟಿದ್ದೇನೆ. ಮೊದಲ ನಾಲ್ಕು ಹಾಳಾದವು. ತಂತಿ ನನ್ನ ದುಡ್ಡಿನದು, ಫ್ಯಾಕ್ಟರಿಯದು ಒಂದು ಗೇಣೂ ಇಲ್ಲ.

ನೀವು ಹೇಳಿದ ಸಂಖ್ಯೆ ಹಿಡಿದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ದಿನ ಅಲೆದೆ. ಒಬ್ಬ ಅಂಗಡಿಯವನು ನಕ್ಕ. "ಮೂರು ವಾಟಾ? ಅದಕ್ಕೆ ಸ್ಪೀಕರ್ ಯಾಕಮ್ಮಾ, ಇಯರ್‌ಫೋನ್ ತಗೊಂಡ್ಹೋಗಿ" ಅಂದ. ಹೊರದೇಶದ್ದೊಂದು ಜೋಡಿ ತೊಂಬತ್ತಾರು ಇತ್ತು. ಬೆಲೆ ಕೇಳಿ ಕೆಳಗಿಟ್ಟೆ. ಎದೆಮಟ್ಟದ ಹಳೆಯ ಪೆಟ್ಟಿಗೆ ಜೋಡಿಯೊಂದು ಏಳು ಸಾವಿರಕ್ಕೆ ಸಿಗುತ್ತಿತ್ತು, ತೊಂಬತ್ತೊಂದು, ಆದರೆ ನಾಲ್ಕು ಓಮ್.

ವಾಪಸ್ ಬರುವಾಗ ಜೂಜುವಾಡಿಯಲ್ಲಿ ಇಳಿದೆ. ಅಲ್ಲಿ ಲಾರಿ ಸಾಮಾನಿನ ಗುಜರಿ ಅಂಗಡಿಯಲ್ಲಿ ಹಳೇ ರೆಕಾರ್ಡ್ ಪೆಟ್ಟಿಗೆಯಿಂದ ಬಿಚ್ಚಿದ ಎಂಟಿಂಚಿನ ಸ್ಪೀಕರ್ ಎರಡಿವೆ. ಕಾಗದದ ಕೋನ್. ಅಂಚಿಗೆ ರಬ್ಬರ್ ಇಲ್ಲ, ಬಟ್ಟೆ ಇದೆ. ನಡುವೆ ಇನ್ನೊಂದು ಸಣ್ಣ ಕೋನ್. ಸಂಖ್ಯೆ ಎಲ್ಲೂ ಇಲ್ಲ. ಎರಡಕ್ಕೂ ಸೇರಿ ಎರಡು ಸಾವಿರದ ಇನ್ನೂರು ಅನ್ನುತ್ತಾನೆ.

ಕೊನೆಯ ಉತ್ತರ ಅಂದಿರಿ. ಆದರೂ ಕೇಳುತ್ತಿದ್ದೇನೆ. ಕೊಳ್ಳಲಾ?

ಮುನಿಲಕ್ಷ್ಮಿ


ಹಳೇಪೇಟೆ
೨ ಜುಲೈ ೨೦೨೪

ಮುನಿಲಕ್ಷ್ಮಿಗೆ,

ಬರೆಯಬಾರದು ಅಂತಿದ್ದೆ. ಏಳು ಪದರ ಅಂದೆಯಲ್ಲ, ಅದು ನಿದ್ದೆ ಕೆಡಿಸಿತು. ಪದರ ಹೆಚ್ಚಿದಷ್ಟೂ ದನಿ ತಿಳಿ, ಸುತ್ತುವುದೂ ಅಷ್ಟೇ ಕಷ್ಟ; ನಾನು ನನ್ನ ಜನ್ಮದಲ್ಲಿ ಐದರ ಮೇಲೆ ಹೋದವನಲ್ಲ. ನಾಲ್ಕು ಹಾಳಾದವು ಅಂತ ಬರೆದದ್ದರಿಂದ ಉಳಿದದ್ದನ್ನೂ ನಂಬಿದೆ. ಸುಳ್ಳು ಹೇಳುವವರು ಹಾಳಾದದ್ದನ್ನು ಹೇಳುವುದಿಲ್ಲ.

ಗುಜರಿಯವನ ಮುಂದೆ ಹೀಗೆ ಮಾಡು. ಎರಡು ಬೆರಳನ್ನು ಎದುರುಬದುರಾಗಿ ಕೋನಿನ ಮೇಲಿಟ್ಟು ಮೆಲ್ಲಗೆ ಒತ್ತು. ಒಳಗೆ ಕರಕರ ಅಂದರೆ ಸುರುಳಿ ಉಜ್ಜುತ್ತಿದೆ, ಬೇಡ. ಮೀಟರ್ ಹಿಡಿ. ಆರರಿಂದ ಏಳು ತೋರಿಸಿದರೆ ಅದು ಎಂಟು ಓಮಿನದು. ಗಡಿಯಾರದ ಸೆಲ್ ಒಂದನ್ನು ತಂತಿಗೆ ತಾಗಿಸು. ಕೋನ್ ಎರಡರಲ್ಲೂ ಒಂದೇ ಕಡೆಗೆ ಹಾರಬೇಕು. ಬೆಳಕಿಗೆ ಹಿಡಿದು ತೂತು ಹುಡುಕು. ಬಟ್ಟೆಯ ಅಂಚು, ಹಗುರವಾದ ಕಾಗದ, ಬೆನ್ನಿಗೆ ದಪ್ಪ ಮ್ಯಾಗ್ನೆಟ್ ಇದ್ದರೆ ಸಂಖ್ಯೆ ಬರೆದಿಲ್ಲದಿದ್ದರೂ ತೊಂಬತ್ತನಾಲ್ಕಕ್ಕೆ ಮೋಸವಿಲ್ಲ.

ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಬೇಡ. ಅಗಲವಾದ ಹಲಗೆಗೆ ಕೂರಿಸಿ ಬೆನ್ನು ತೆರೆದಿಡು. ಉಸಿರಾಡಲಿ.

ನನ್ನ ಮಗ ಮುನೀಶ ಡಿಜೆ ಇಟ್ಟಿದ್ದಾನೆ. ಹತ್ತು ಸಾವಿರ ವಾಟ್. ಅವನ ಸೌಂಡಿಗೆ ಕಿಟಕಿ ನಡುಗುತ್ತದೆ, ಎದೆ ನಡುಗುತ್ತದೆ. ಹಾಡು ಯಾವುದು ಅಂತ ಮಾತ್ರ ತಿಳಿಯುವುದಿಲ್ಲ.

ಒಂದು ಮಾತು ಬರೆಯದಿರಲು ಆಗುತ್ತಿಲ್ಲ. ಮೈಕ್ ಸೆಟ್ಟಿನವನ ಮನೆ ಸೊಸೆಯಾಗಲು ನಾಚಿಕೆಪಟ್ಟವಳು ಕೊನೆಗೆ ಮೈಕ್ ಸೆಟ್ಟಿನವನ ಬಾಗಿಲಿಗೇ ಬರಬೇಕಾಯಿತು.

ಸೊಣ್ಣಪ್ಪ


ಅವಲಪಲ್ಲಿ
೫ ಜುಲೈ ೨೦೨೪

ಮಾವನವರಿಗೆ,

ನಾಚಿಕೆ ಅಂದಿರಾ?

ನಾಲ್ಕು ವರ್ಷ ನಾನು ಬೇರೆಯೇ ಅಂದುಕೊಂಡಿದ್ದೆ. ಹಿರಿಯರ ಮಾತು ಮೀರಿದೆ, ಅದಕ್ಕೆ ಸಿಟ್ಟು ಅಂತ. ಈ ಕಾಗದ ಓದಿದ ಮೇಲೆ ಗೊತ್ತಾಯಿತು, ನೀವು ಅಷ್ಟು ದಿನ ಎಂಥ ಮಾತನ್ನು ನನ್ನ ಬಾಯಲ್ಲಿಟ್ಟು ಕೂತಿದ್ದಿರಿ ಅಂತ.

ಅವತ್ತು ಏನಾಯಿತೋ ನೆನಪು ಮಾಡಿಕೊಳ್ಳಿ. ನೀವು, ಅತ್ತೆ, ಮುನೀಶ, ಎಲೆಅಡಿಕೆ ತಟ್ಟೆ ಸಮೇತ ನಮ್ಮ ಮನೆಗೆ ಬಂದಿರಿ. ಸೋದರಮಾವನ ಮಗ, ಕೇಳುವುದೇನಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಾನು ಒಳಗಿನಿಂದ ಬಂದು "ನಂಗಿಷ್ಟ ಇಲ್ಲ" ಅಂದೆ. ನೀವು ಕಾಫಿ ಲೋಟ ಕೆಳಗಿಟ್ಟು ಎದ್ದಿರಿ. ಅಮ್ಮ "ಅಣ್ಣಾ, ಕೂತ್ಕೋ" ಅಂತ ಬಾಗಿಲವರೆಗೂ ಬಂದಳು. ನೀವು ತಿರುಗಿ ನೋಡಲಿಲ್ಲ. ಅಮ್ಮನಿಗೂ ರೋಷ ಬಂತು. ಯಾಕಮ್ಮಿ ಇಷ್ಟ ಇಲ್ಲ ಅಂತ ಆ ಮನೆಯಲ್ಲಿ ಒಬ್ಬರಾದರೂ ನನ್ನನ್ನು ಕೇಳಿದರಾ?

ಈಗ ಹೇಳುತ್ತೇನೆ. ನಾನು ಎಂಟು ವರ್ಷದವಳಾಗಿದ್ದಾಗ ರಜಾಕ್ಕೆ ಬಂದರೆ ನನ್ನನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಬೆಸುಗೆ ಕಡ್ಡಿ ಹಿಡಿಸಿದವರು ನೀವು. ಅಪ್ಪ ಹೋದ ಮೇಲೆ ನನಗೆ ಗೊತ್ತಿದ್ದ ದೊಡ್ಡ ಮನುಷ್ಯ ಅಂದರೆ ನೀವೇ. ಹಳೇಪೇಟೆಯ ಮೈಕ್ ಸೆಟ್ ಸೊಣ್ಣಪ್ಪ ನಮ್ಮ ಮಾವ ಅಂತ ಶಾಲೆಯಲ್ಲಿ ಹೇಳಿಕೊಂಡು ಓಡಾಡಿದವಳು ನಾನು. ನನಗೆ ನಿಮ್ಮ ಅಂಗಡಿ ಬೇಕಾಗಿತ್ತು ಮಾವ, ನಿಮ್ಮ ಮನೆಯಲ್ಲ. ನೀವು ಮನೆ ಕೊಡಲು ಬಂದಿರಿ. ಸೊಸೆಯಾಗಿ ಬಂದಿದ್ದರೆ ಅಡುಗೆಮನೆಯಿಂದ ಅಂಗಡಿಗೆ ಕಾಫಿ ತಂದುಕೊಡುವ ಕೆಲಸ ಸಿಗುತ್ತಿತ್ತು. ಬೆಂಚಿನ ಮೇಲೆ ಕೂರಲು ಯಾರು ಬಿಡುತ್ತಿದ್ದರು? ನೀವು ಬಿಡುತ್ತಿದ್ದಿರಾ? ನಿಜ ಹೇಳಿ.

ಮುನೀಶ ಒಳ್ಳೆಯವನು. ಮದುವೆಯಾಗಿ ಚೆನ್ನಾಗಿದ್ದಾನೆ ಅಂತ ಕೇಳಿ ಖುಷಿಯಾಯಿತು.

ನಿಮಗೆ ಇನ್ನು ತೊಂದರೆ ಕೊಡುವುದಿಲ್ಲ.

ಮುನಿಲಕ್ಷ್ಮಿ


ಅವಲಪಲ್ಲಿ
೨೮ ಜುಲೈ ೨೦೨೪

ಮಾವನವರಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ಜೋರಾಗಿಯೇ ಬರೆದೆ, ಗೊತ್ತು. ಬರೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಪಾಠ ಹೇಳಿಕೊಟ್ಟವರಿಗೆ ಏನಾಯಿತು ಅಂತ ತಿಳಿಸುವುದು ಧರ್ಮ, ಅದಕ್ಕೆ ಈ ನಾಲ್ಕು ಸಾಲು.

ಎಂಟಿಂಚಿನ ಜೋಡಿಯನ್ನೇ ಕೊಂಡೆ. ಮೀಟರ್ ಎರಡಕ್ಕೂ ಆರೂವರೆ ತೋರಿಸಿತು. ಬೆರಳಿಟ್ಟು ಒತ್ತಿದರೆ ಸದ್ದಿಲ್ಲ. ಒಂದರ ಕೋನ್ ಅಂಚಿನಲ್ಲಿ ಸೀಳಿತ್ತು, ತೆಳು ಕಾಗದಕ್ಕೆ ಅಂಟು ಸವರಿ ಮುಚ್ಚಿದೆ. ಫ್ಯಾಕ್ಟರಿಗೆ ಮಿಷನ್ ಬಂದ ಮರದ ಪೆಟ್ಟಿಗೆಯ ಪ್ಲೈವುಡ್ಡನ್ನು ಹರಾಜಿನಲ್ಲಿ ಹಿಡಿದು ಮುರುಗೇಶಣ್ಣನಿಗೆ ಕೊಟ್ಟೆ. ಎರಡೂವರೆ ಅಡಿ ಅಗಲದ ಎರಡು ಹಲಗೆ ಮಾಡಿಕೊಟ್ಟರು.

ಅದೇ ಆಂಪ್ಲಿಫೈಯರ್ ಮಾವ, ಅದೇ ಮೂರು ವಾಟ್. ವಾಲ್ಯೂಮ್ ಅರ್ಧಕ್ಕೂ ಹೋಗಿಲ್ಲ, ಮುರುಗೇಶಣ್ಣ ಹೊರಗಿನಿಂದ "ಯಾರಮ್ಮಾ ಒಳಗೆ ಹಾಡ್ತಿರೋದು?" ಅಂತ ಕೇಳಿಕೊಂಡು ಬಂದರು. ಬಾಯಿಗೆ ಅಡ್ಡವಿದ್ದ ಬಟ್ಟೆ ಹೋಯಿತು.

ಒಂದೇ ಕೊರತೆ. ಮೃದಂಗದ ಎಡಗಡೆ ಪೆಟ್ಟು ತೆಳುವಾಗಿ ಬರುತ್ತದೆ. ಇರಲಿ, ಹೀಗೇ ಹೋಗುತ್ತೇನೆ.

ಮುನಿಲಕ್ಷ್ಮಿ


ಹಳೇಪೇಟೆ
೬ ಆಗಸ್ಟ್ ೨೦೨೪

ಲಕ್ಷ್ಮಿಗೆ,

ಸಿಟ್ಟಿನಿಂದ ಸುಮ್ಮನಿದ್ದೆ ಅಂದುಕೊಂಡೆಯಾ? ಹಾಗಲ್ಲ. ನಿನ್ನ ಕಾಗದ ಓದಿ ಮೇಜಿನ ಮೇಲಿಟ್ಟಿದ್ದೆ. ನಿಮ್ಮತ್ತೆ ಅಶ್ವತ್ಥಮ್ಮ ತೆಗೆದು ಓದಿದಳು. ಓದಿ ಒಂದೇ ಮಾತಂದಳು: "ಕೇಳ್ದೆ ಎದ್ದು ಬಂದೋರು ನೀವು. ಅವ್ಳಲ್ಲ." ಕಾಗದ ಮಡಿಸಿ ನನ್ನ ಮುಂದಿಟ್ಟು ಒಳಗೆ ಹೋದಳು.

ನೀನು ನಿಜ ಹೇಳಿ ಅಂದೆ. ಬಿಡುತ್ತಿರಲಿಲ್ಲ. ಸೊಸೆಯನ್ನು ಅಂಗಡಿ ಬೆಂಚಿನ ಮೇಲೆ ಕೂರಿಸುತ್ತಿರಲಿಲ್ಲ. ಪೇಟೆಯವರು ಏನಂದಾರು ಅಂತ ನೋಡುತ್ತಿದ್ದೆ. ಇದನ್ನು ನನಗೆ ನಾನೇ ಒಪ್ಪಿಕೊಳ್ಳಲು ಮೂರು ವಾರ ಹಿಡಿಯಿತು.

ಆ ಮೂರು ವಾರ ಕೈ ಕಟ್ಟಿ ಕೂರಲಿಲ್ಲ. ನಿನಗೆ ಹೇಳದೆ ಇಟ್ಟುಕೊಂಡಿದ್ದ ಒಂದು ವಿಷಯವಿದೆ. ನಮ್ಮ ಕಡೆ ಓಡಾಡುತ್ತಿದ್ದ ಟೂರಿಂಗ್ ಟಾಕೀಸ್ ನಿಂತುಹೋದಾಗ ಅವರ ಪರದೆ ಹಿಂದಿನ ಹನ್ನೆರಡಿಂಚಿನ ಸ್ಪೀಕರ್ ಎರಡನ್ನು ನಾನು ತಂದಿಟ್ಟಿದ್ದೆ. ತೊಂಬತ್ತೆಂಟರ ಮೇಲಿನ ಮಾಲು. ಮುವ್ವತ್ತು ವರ್ಷ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟಿದ್ದು. ಕೇಳಿ ಬಂದವರಿಗೆ ಕೊಡಲಿಲ್ಲ, ಮುನೀಶನಿಗೆ ಮುಟ್ಟಲು ಬಿಡಲಿಲ್ಲ. ಇಳಿಸಿದೆ. ಅಂಚಿನ ಬಟ್ಟೆ ಬದಲಿಸಿದೆ, ಸುರುಳಿ ನಡುವಿಗೆ ತಂದು ಕೂರಿಸಿದೆ. ಈಗ ಹೊಸದರ ಹಾಗಿವೆ.

ಆ ಎಂಟಿಂಚನ್ನು ಮೂಲೆಗಿಡು. ಇವನ್ನು ಬಸ್ಸಿಗೆ ಹಾಕಿ ಕಳಿಸುತ್ತೇನೆ. ಬೆಂಗಳೂರಿನವರು ಕೇಳಲಿ.

ಸೊಣ್ಣಪ್ಪ ಮಾವ


ಅವಲಪಲ್ಲಿ
೧೦ ಆಗಸ್ಟ್ ೨೦೨೪

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆದರೆ ಸ್ಪೀಕರ್ ಬೇಡ.

ಸಿಟ್ಟು ಮಾಡಿಕೊಳ್ಳಬೇಡಿ. ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಕೂಟದವರದು ಫೋನಿನಲ್ಲೊಂದು ಗುಂಪಿದೆ. ಮೇ ತಿಂಗಳಲ್ಲಿ ನನ್ನ ಟ್ರಾನ್ಸ್‌ಫಾರ್ಮರ್ ಫೋಟೋ ಹಾಕಿದ್ದೆ. ಚನ್ನಕೇಶವ ಅಂತ ಅಲ್ಲಿ ದೊಡ್ಡವರೊಬ್ಬರಿದ್ದಾರೆ, ರಿಟೈರ್ಡ್ ಇಂಜಿನಿಯರ್. "ಇದು ಕೈಯಲ್ಲಿ ಸುತ್ತಿದ್ದಲ್ಲ. ಯಾವುದೋ ಫಾರಿನ್ ಸೆಟ್ಟಿನಿಂದ ಬಿಚ್ಚಿದ್ದು. ಸುಳ್ಳು ಹೇಳಬಾರದು" ಅಂತ ಎಲ್ಲರ ಮುಂದೆ ಬರೆದರು. ಅದಕ್ಕೇ ನಾನು ೨೫ಕ್ಕೆ ಹೋಗುತ್ತಿರುವುದು. ಹೆಸರು ಮಾಡಲು ಅಲ್ಲ.

ಈಗ ಹೇಳಿ. ಟಾಕೀಸಿನ ಸ್ಪೀಕರ್ ಇಟ್ಟುಕೊಂಡು ಹೋದರೆ ಅವರೇನನ್ನುತ್ತಾರೆ? ಆ ಸ್ಪೀಕರಿಗೆ ಯಾವ ಡಬ್ಬ ಕೊಟ್ಟರೂ ಹಾಡುತ್ತದೆ ಅನ್ನುತ್ತಾರೆ. ಗುಜರಿಯ ಎಂಟಿಂಚು ಹಾಡಿದರೆ ಮಾತ್ರ, ಹಾಡಿಸಿದ್ದು ನನ್ನ ತಂತಿ ಅಂತ ಗೊತ್ತಾಗುತ್ತದೆ. ನೀವಾಗಿದ್ದರೂ ಇದನ್ನೇ ಮಾಡುತ್ತಿದ್ದಿರಿ.

ವಸ್ತು ಬೇಡ, ವಿದ್ಯೆ ಕೊಡಿ. ಮೃದಂಗದ ಎಡಗೈ ಹೇಗೆ ತರುವುದು?

ಮುನಿಲಕ್ಷ್ಮಿ


ಹಳೇಪೇಟೆ
೧೪ ಆಗಸ್ಟ್ ೨೦೨೪

ಲಕ್ಷ್ಮಿಗೆ,

ಹಟಮಾರಿ ನೀನು. ಓದಿ ಒಂದು ಗಂಟೆ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ನಗು ಬಂತು. ಮುವ್ವತ್ತು ವರ್ಷ ಯಾರಿಗೂ ಕೊಡದಿದ್ದುದನ್ನು ಕೊಡಲು ಹೋದರೆ ಬೇಡ ಅನ್ನುವ ಹುಡುಗಿ ನಮ್ಮ ವಂಶದಲ್ಲೇ ಹುಟ್ಟಬೇಕು.

ಹಲಗೆಯ ಎರಡೂ ಪಕ್ಕಕ್ಕೆ ಮುಕ್ಕಾಲು ಅಡಿಯ ರೆಕ್ಕೆ ಹಚ್ಚಿಸು, ಹಿಂದಕ್ಕೆ ಮಡಿಸಿದ ಹಾಗೆ. ಮುಂದಿನ ಗಾಳಿ ಹಿಂದಿನ ಗಾಳಿಯನ್ನು ಬೇಗ ಮುಟ್ಟಬಾರದು, ಮುಟ್ಟಿದರೆ ಎರಡೂ ಸತ್ತು ಎಡಗೈ ಮಾಯವಾಗುತ್ತದೆ. ಹಲಗೆಯ ಬುಡ ನೆಲಕ್ಕೆ ಕೂರಲಿ, ಸಂದು ಬೇಡ. ಹಿಂದಿನ ಗೋಡೆಯಿಂದ ಮೂರಡಿ ಮುಂದೆ ಇಡು. ಅಲ್ಲಿ ಹೋದಮೇಲೆ ಮೊದಲು ಕೋಣೆಯ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟು. ಸದ್ದು ತಿರುಗಿ ಬಂದರೆ ಪರದೆ ಎಳೆಸು.

ನಾನು ಬರುವುದಿಲ್ಲ. ಬಂದರೆ ನೀನು ನನ್ನ ಮುಖ ನೋಡುತ್ತೀಯ, ಹಾಡು ಕೇಳಿಸಿಕೊಳ್ಳುವುದಿಲ್ಲ. ಆ ಇಂಜಿನಿಯರ್ ಕೇಳಿದ್ದಕ್ಕೆ ಉತ್ತರ ಕೊಡು. ಕೇಳದೆ ಇದ್ದುದಕ್ಕೆ ಬಾಯಿ ಬಿಡಬೇಡ.

ಸೊಣ್ಣಪ್ಪ ಮಾವ


ಅವಲಪಲ್ಲಿ
೨೬ ಆಗಸ್ಟ್ ೨೦೨೪

ಮಾವನವರಿಗೆ ನಮಸ್ಕಾರ.

ನಿನ್ನೆ ನಡೆದದ್ದನ್ನು ಬಿಡದೆ ಬರೆಯುತ್ತೇನೆ.

ಆಂಪ್ಲಿಫೈಯರ್, ಎರಡು ಹಲಗೆ, ಇಷ್ಟನ್ನೂ ಒಬ್ಬಳೇ ಒಯ್ಯಲು ಆಗದು. ಮುರುಗೇಶಣ್ಣ ಟೆಂಪೋ ತಂದರು. ಹೊರಡುವಾಗ ಅಮ್ಮ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬತ್ತೀನಿ" ಅಂದಳು. ಅತ್ತಿಬೆಲೆ ದಾಟಿದ ಮೇಲೆ ಧೈರ್ಯ ಮಾಡಿ, ಮಾವನಿಗೆ ಕಾಗದ ಬರೀತಿದ್ದೆ ಅಮ್ಮಾ ಅಂದೆ. ಅಮ್ಮ ರಸ್ತೆ ನೋಡಿಕೊಂಡೇ ಹೇಳಿದಳು: "ನಂಗೊತ್ತು ಕಣಮ್ಮಿ. ಮೊದಲ್ನೇ ಕಾಗ್ದ ಬಂದ ದಿನಾನೇ ಮುರುಗೇಶ ಬಂದು ಹೇಳ್ಬುಟ್ಟ. ನಾನು ಗೊತ್ತಿದೆ ಅಂದ್ರೆ ನೀನು ನಿಲ್ಲಿಸ್ಬುಡ್ತೀಯ ಅಂತ ಸುಮ್ನಿದ್ದೆ." ಮುರುಗೇಶಣ್ಣ ಹಾರನ್ ಮೇಲೆ ಹಾರನ್ ಹೊಡೆದರು, ಎದುರಿಗೆ ಯಾರೂ ಇರಲಿಲ್ಲ.

ಕೂಟದಲ್ಲಿ ಇಪ್ಪತ್ತೆಂಟು ಜನ. ಹೆಂಗಸರು ಅಂದರೆ ನಾನು, ಅಮ್ಮ. ಒಬ್ಬೊಬ್ಬರ ಸ್ಪೀಕರ್ ಬೀರುವಿನಷ್ಟು ಎತ್ತರ. ನಮ್ಮ ಹಲಗೆಯ ಹಿಂಭಾಗದಲ್ಲಿ 'ಈ ಕಡೆ ಮೇಲಕ್ಕೆ' ಅಂತ ಬಾಣದ ಗುರುತು ಹಾಗೇ ಉಳಿದಿತ್ತು. ಯಾರೋ ನಕ್ಕರು. ನಾನು ಚಪ್ಪಾಳೆ ತಟ್ಟಿದೆ, ಸದ್ದು ತಿರುಗಿ ಬಂತು, ಪರದೆ ಎಳೆಸಿದೆ. ಆಗ ನಗು ನಿಂತಿತು.

ಮೊದಲು ನಾದಸ್ವರ ಹಾಕಿದೆ. ಆಮೇಲೆ ಮೃದಂಗ. ಎಡಗೈ ಬಂತು ಮಾವ, ಹೊಟ್ಟೆಯ ಒಳಗಿನಿಂದ ಬಂದ ಹಾಗೆ ಬಂತು. ಕೊನೆಗೆ ಅಮ್ಮನ ಪದ. ಹೋದ ಸಂಕ್ರಾಂತಿಗೆ ಅಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಹೇಳಿಕೊಂಡ ರಾಗಿ ಬೀಸುವ ಪದವನ್ನು ನಾನು ಒಳ್ಳೆಯ ಮೈಕಿಟ್ಟು ಹಿಡಿದಿದ್ದೆ. ತಾಳವಿಲ್ಲ, ಮೇಳವಿಲ್ಲ, ಒಂದೇ ಗಂಟಲು. ಉಸಿರು ಎಳೆದುಕೊಂಡದ್ದು ಕೇಳಿತು. ಸಿಪ್ಪೆ ತಟ್ಟೆಗೆ ಬಿದ್ದದ್ದು ಕೇಳಿತು. ಪದ ಮುಗಿದ ಮೇಲೆ ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಹಿಂದಿನಿಂದ ಯಾರೋ "ಇನ್ನೊಂದ್ಸಲ ಹಾಕಮ್ಮ" ಅಂದರು. ಅಮ್ಮ ನನ್ನ ಕಿವಿಯಲ್ಲಿ, "ನಮ್ಮಣ್ಣ ಇಲ್ಲಿದ್ದಿದ್ರೆ ಎರಡನೇ ಸಾಲಲ್ಲಿ ಸ್ವರ ಜಾರ್ತು ಅಂದಿರೋನು" ಅಂದಳು. ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಚನ್ನಕೇಶವ ಅವರು ಎದ್ದು ಬಂದರು. ಎಷ್ಟು ಸುತ್ತು ಅಂದರು, ಹೇಳಿದೆ. ಏಳು ಪದರ ಯಾಕೆ ಅಂದರು, ಹೇಳಿದೆ. ತಗಡಿನ ನಡುವೆ ಕಾಗದ ಎಷ್ಟು ದಪ್ಪ ಅಂದರು, ಅದನ್ನೂ ಹೇಳಿದೆ. ಹಾಳಾದ ನಾಲ್ಕನ್ನೂ ಚೀಲದಲ್ಲಿ ಒಯ್ದಿದ್ದೆ. ಮೇಜಿನ ಮೇಲೆ ಸಾಲಾಗಿಟ್ಟೆ. ಅವರು ಒಂದೊಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಎಲ್ಲರ ಕಡೆ ತಿರುಗಿ, "ನಾನು ಗುಂಪಿನಲ್ಲಿ ಬರೆದದ್ದು ತಪ್ಪು. ಈ ಹುಡುಗಿ ಸುಳ್ಳು ಹೇಳಿರಲಿಲ್ಲ" ಅಂದರು. ದೊಡ್ಡ ಮನುಷ್ಯರು, ತಪ್ಪನ್ನೂ ನಿಂತುಕೊಂಡೇ ಹೇಳಿದರು. ತಮಗೊಂದು ಜೋಡಿ ಸುತ್ತಿಕೊಡು ಅಂದರು. ಇನ್ನು ಮೂವರೂ ಕೇಳಿದ್ದಾರೆ.

"ಯಾವ ಕಾಲೇಜಮ್ಮ ನಿಂದು?" ಅಂತ ಒಬ್ಬರು ಕೇಳಿದರು. ಕೃಷ್ಣಗಿರಿ ಹಳೇಪೇಟೆ, ಮೈಕ್ ಸೆಟ್ ಸೊಣ್ಣಪ್ಪನವರ ಬೆಂಚು ಅಂದೆ. ಬರೆದುಕೊಂಡರು.

ಮುನಿಲಕ್ಷ್ಮಿ


ಹಳೇಪೇಟೆ, ಕೃಷ್ಣಗಿರಿ
೧ ಸೆಪ್ಟೆಂಬರ್ ೨೦೨೪

ನನ್ನ ತಂಗಿ ಪಾರ್ವತಿಗೂ, ಲಕ್ಷ್ಮಿಗೂ,

ಈ ಸಲ ವಿಳಾಸ ಮನೆಯದೇ ಹಾಕಿದ್ದೇನೆ. ಪಾರ್ವತಿ, ಕಾಗದ ನೀನೇ ಒಡೆದು ಓದು. ಕಾಫಿ ಕುಡಿಯದೆ ಎದ್ದು ಬಂದವನು ನಾನು. ತಪ್ಪು ನನ್ನದು. ಬರುವ ಭಾನುವಾರ ನಾನೂ ಅಶ್ವತ್ಥಮ್ಮನೂ ಬರುತ್ತೇವೆ. ಆ ಪದವನ್ನು ನನಗೂ ಕೇಳಿಸಬೇಕು. ಸ್ವರ ಜಾರಿದ್ದರೆ ಹೇಳಿಯೇ ಹೇಳುತ್ತೇನೆ.

ಲಕ್ಷ್ಮಿ, ನಿನ್ನ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದೇನೆ. ಮುನೀಶ ಮೂರು ಸಲ ಓದಿಸಿದ. "ಮೂರ್ ವಾಟಲ್ಲಿ ಇಪ್ಪತ್ತೆಂಟ್ ಜನಾನ ಸುಮ್ನೆ ಕೂರಿಸ್ಬುಟ್ಳಾ? ನಂ ಡಿಜೆಗೆ ಒಬ್ರೂ ಸುಮ್ನಿರಲ್ಲ" ಅಂದ.

ನಿನ್ನೆ ಕಾವೇರಿಪಟ್ಟಣದಿಂದ ಒಬ್ಬರು ಬಂದಿದ್ದರು. ದೇವಸ್ಥಾನದ ಹಳೆಯ ವಾಲ್ವ್ ಸೆಟ್, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಸೇಲಂವರೆಗೂ ಹೋಗಿ ಬಂದರಂತೆ, ಯಾರೂ ಆಗದು ಅಂದರಂತೆ. "ಸೊಣ್ಣಪ್ಪಾ, ಇದಕ್ಕೆ ನೀನೇ ದಿಕ್ಕು" ಅಂದರು. ನಲವತ್ತು ವರ್ಷದಿಂದ ಆ ಮಾತಿಗೆ ಎದೆ ಉಬ್ಬಿಸಿ ಕೈ ಚಾಚಿದವನು ನಾನು. ನಿನ್ನೆ ಚಾಚಲಿಲ್ಲ.

"ನಾನು ಸುತ್ತಿದರೆ ಐದು ಪದರ. ಏಳು ಪದರ ಸುತ್ತುವವರು ಹೊಸೂರಿನಲ್ಲಿದ್ದಾರೆ, ಅಲ್ಲಿಗೆ ಕಳಿಸುತ್ತೇನೆ" ಅಂದೆ.

ಅವರಿಗೆ ನಂಬಿಕೆ ಬರಲಿಲ್ಲ. "ಯಾರಪ್ಪಾ ಅದು, ನಿನ್ಗಿಂತ ಮೇಲ್ನೋನು?" ಅಂದರು.

"ಮೇಲ್ನೋನಲ್ಲ, ಮೇಲ್ನೋಳು" ಅಂದೆ. "ನಮ್ ಅಂಗ್ಡಿ ಹುಡ್ಗಿ."

ಸೊಣ್ಣಪ್ಪ